ಕಾರವಾರ, ಶಿರಸಿಯಲ್ಲಿ ಬಾಡಿಗೆ ಮನೆ: ಯಾರಿಗೆ ಯಾವುದು ಸರಿ, ಸರ್ಕಾರದ ಸಹಾಯ ಎಲ್ಲಿ ಸಿಗುತ್ತದೆ?

ಮೇ ತಿಂಗಳು ಬಂತೆಂದರೆ ನನಗೆ ಬಾಡಿಗೆ ಮನೆಯ ಫೋನುಗಳು ಶುರು. ವರ್ಗಾವಣೆ ಆದವರು, ಮಕ್ಕಳ ಕಾಲೇಜು ಬದಲಾದವರು, ಮಳೆ ಹಿಡಿಯುವ ಮೊದಲು ಸೋರುವ ಮನೆ ಬಿಡಬೇಕು ಅನ್ನುವವರು. ಮಾಸ್ತರಿಕೆಯಲ್ಲಿ ಕಾರವಾರ, ಶಿರಸಿ ಎಂದು ತಿರುಗುತ್ತಾ ನಾನೇ ಏಳು ಬಾಡಿಗೆ ಮನೆ ಬದಲಾಯಿಸಿದ್ದೇನೆ. ಹಾಗಾಗಿ ಗೊತ್ತಿದ್ದವರು ಕೇಳುತ್ತಾರೆ.

ಈ ಸಲ ಒಂದೇ ವಾರದಲ್ಲಿ ಮೂವರು ಕೇಳಿದರು. ಒಬ್ಬಳು ನಮ್ಮ ಅಕ್ಕನ ಮಗಳು. ಕಾರವಾರದಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಸಂಬಳ 18,000 ರೂಪಾಯಿ. ಇನ್ನೊಬ್ಬ ಸಿದ್ದಾಪುರ ಕಡೆಯ ಹಳ್ಳಿ ಹುಡುಗ, ಶಿರಸಿಯಲ್ಲಿ ಡಿಗ್ರಿಗೆ ಸೇರಿದ್ದಾನೆ. ಮೂರನೆಯದು ಕಾರವಾರದ ಬೈತಖೋಲದಲ್ಲಿ ಮೀನು ಬೋಟಿಗೆ ಹೋಗುವವರ ಮನೆ, ಗಂಡ ಹೆಂಡತಿ, ಎರಡು ಮಕ್ಕಳು. ಮೂವರ ಪ್ರಶ್ನೆಯೂ ಒಂದೇ: "ಬಾಡಿಗೆಗೆ ಸರ್ಕಾರದಿಂದ ಏನಾದ್ರೂ ಸಿಗ್ತದಾ?"

ನೇರವಾಗಿ ಹೇಳಿಬಿಡುತ್ತೇನೆ. ಎಲ್ಲ ಬಾಡಿಗೆದಾರರಿಗೂ ತಿಂಗಳ ಬಾಡಿಗೆ ಎಂದು ದುಡ್ಡು ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ ಇಲ್ಲ. ಇರುವುದೆಲ್ಲ ಚೂರು ಚೂರು ಸಹಾಯ. ವಿದ್ಯಾರ್ಥಿಗೆ ಒಂದು, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಒಂದು, ಸರ್ಕಾರಿ ನೌಕರರಿಗೆ ಒಂದು. ಇನ್ನು ಕರೆಂಟು ಮತ್ತು ಬಸ್ಸಿನ ಕಡೆಯಿಂದ ಉಳಿಯುವ ದುಡ್ಡು ಒಂದು. ಇವನ್ನೆಲ್ಲ ಲೆಕ್ಕಕ್ಕೆ ಹಿಡಿದು ಮನೆ ಆರಿಸಿದರೆ ತಿಂಗಳಿಗೆ ಸಾವಿರ, ಎರಡು ಸಾವಿರ ಉಳಿಸಬಹುದು. ಸುಮ್ನೆ ಬಾಡಿಗೆ ಎಷ್ಟು ಎಂದಷ್ಟೇ ಕೇಳಿ ಬಂದರೆ ಅದು ಕೈ ತಪ್ಪುತ್ತದೆ.

ಮೊದಲು ಏನು ನೋಡಬೇಕು

ಬಾಡಿಗೆಯ ಮೊತ್ತಕ್ಕಿಂತ ತಿಂಗಳ ಒಟ್ಟು ಖರ್ಚು ಮುಖ್ಯ. ಬಾಡಿಗೆ, ಕರೆಂಟು, ನೀರು, ಓಡಾಟ, ನಾಲ್ಕನ್ನೂ ಕೂಡಿಸಿ ನೋಡಿ.

ಎರಡನೆಯದು ಕಾಗದ. ಮನೆಯವರು ಕರಾರುಪತ್ರ ಮಾಡಿಕೊಡುತ್ತಾರಾ ಇಲ್ವಾ? ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಗೆ ಬಾಡಿಗೆದಾರ ತಾನು ಅದೇ ಮನೆಯಲ್ಲಿದ್ದೇನೆ ಎಂದು ತೋರಿಸಬೇಕು. ತೆರಿಗೆ ವಿನಾಯಿತಿಗೆ ಬಾಡಿಗೆ ಕಟ್ಟಿದ ದಾಖಲೆ ಬೇಕು. ಆಧಾರ್, ರೇಷನ್ ಕಾರ್ಡಿನ ವಿಳಾಸ ಬದಲಿಸಲು ಹೋದರೂ ಮೊದಲು ಕೇಳುವುದು ವಿಳಾಸದ ದಾಖಲೆ. ನೆರೆ ಬಂದು ಸಾಮಾನು ಹಾಳಾದಾಗ ಪರಿಹಾರದ ಪಟ್ಟಿಗೆ ಹೆಸರು ಬರೆಸಬೇಕಾದರೂ ಇಲ್ಲೇ ಇದ್ದೆವು ಎನ್ನಲು ಏನಾದರೂ ಕೈಯಲ್ಲಿರಬೇಕು. ಒಂದು ಕರಾರುಪತ್ರದ ಮೇಲೆ ಇಷ್ಟೆಲ್ಲ ನಿಂತಿದೆ.

ನಮ್ಮ ಜಿಲ್ಲೆಯಲ್ಲಿ ಕಾಗದ ಎಂದ ಕೂಡಲೇ ಹಿರಿಯರು ಹಿಂದೆ ಸರಿಯುತ್ತಾರೆ. ಅದಕ್ಕೂ ಕಾರಣ ಇದೆ. 1974ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟ ಜಮೀನು ಗೇಣಿದಾರರಿಗೆ ಆಯಿತು. ಆ ನೆನಪು ಇನ್ನೂ ಎಷ್ಟೋ ಮನೆಗಳಲ್ಲಿ ಹಸಿಯಾಗಿದೆ. "ಬರೆದು ಕೊಟ್ಟರೆ ಮನೆಯೂ ಹೋದೀತು" ಎಂಬ ಹೆದರಿಕೆ. ಅವರೊಡನೆ ಜಗಳ ಮಾಡಬೇಡಿ, ಸಮಾಧಾನದಿಂದ ತಿಳಿಸಿ. ವಾಸದ ಮನೆಯ ಬಾಡಿಗೆ ಬೇರೆ, ಉಳುಮೆಯ ಗೇಣಿ ಬೇರೆ. ಛಾಪಾ ಕಾಗದದ ಮೇಲೆ 11 ತಿಂಗಳ ಕರಾರು ಮಾಡಿದರೆ ಬಾಡಿಗೆ ಎಷ್ಟು, ಯಾವತ್ತು ಬಿಡಬೇಕು ಎಂಬುದೆಲ್ಲ ಬರಹದಲ್ಲಿ ಇರುತ್ತದೆ. ಅದು ಮನೆಯವರಿಗೂ ರಕ್ಷಣೆ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರಾದರೆ ನೋಂದಣಿ ಮಾಡಿಸಬೇಕಾಗುತ್ತದೆ. ಹಾಗಾಗಿಯೇ ಎಲ್ಲರೂ 11 ತಿಂಗಳು ಬರೆಸುವುದು.

ಮೂರನೆಯದು ಮೀಟರ್. ಆ ಮನೆಗೆ ಬೇರೆ ಹೆಸ್ಕಾಂ ಮೀಟರ್ ಇದೆಯೇ, ಅಥವಾ ಮಾಲೀಕರ ಮೀಟರ್‌ನಿಂದಲೇ ತಂತಿ ಎಳೆದಿದ್ದಾರೆಯೇ? ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಎರಡು ಮನೆ ಒಂದೇ ಮೀಟರ್ ಆದರೆ ಏಪ್ರಿಲ್ ತಿಂಗಳ ಸೆಕೆಯಲ್ಲಿ 200 ದಾಟುವುದು ಎಷ್ಟು ಹೊತ್ತು? ಬೇರೆ ಮೀಟರ್ ಇದ್ದರೂ ಹಳೆಯ ಬಿಲ್ ಒಂದು ಕೇಳಿ ನೋಡಿ. ಉಚಿತ ಯೂನಿಟ್ ಸಿಗುವುದು ಆ ಮೀಟರಿನ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ, ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದರೆ 10 ಯೂನಿಟ್ ಸೇರಿಸಿ. ಹಳೆಯ ಬಳಕೆಯ ಲೆಕ್ಕವೇ ಇಲ್ಲದ ಹೊಸ ಮನೆಗೆ 53 ಯೂನಿಟ್ ಸರಾಸರಿ ಎಂದು ಹಿಡಿದು, ಶೇ 10 ಸೇರಿಸಿ 58 ಯೂನಿಟ್ ಕೊಡುತ್ತಾರೆ. ಹೊಚ್ಚ ಹೊಸ ಮನೆ ಎಂದು ಖುಷಿಪಡುವ ಮುಂಚೆ ಇದನ್ನು ಲೆಕ್ಕ ಹಾಕಿ. ಹಿಂದಿನ ಬಾಡಿಗೆದಾರರ ಆಧಾರ್ ಆ ಮೀಟರಿಗೆ ಅಂಟಿಕೊಂಡಿದ್ದರೆ ಬಿಡಿಸಲು ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ದಾರಿ ಇದೆ. ನೀವು ಹಳೇ ಮನೆ ಬಿಡುವಾಗಲೂ ಮೊದಲು ಅದನ್ನೇ ಮಾಡಿ.

ನಾಲ್ಕನೆಯದು ಮಳೆ ಮತ್ತು ನೀರು. ಇವೆರಡನ್ನು ಒಟ್ಟಿಗೆ ಹೇಳುತ್ತೇನೆ. ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆ ಗೋಡೆ ಒಣಗುವುದೇ ಇಲ್ಲ. ಮೇ ತಿಂಗಳಲ್ಲಿ ಸುಣ್ಣ ಬಳಿದು ತೋರಿಸಿದ ಮನೆ ಚೆಂದವೇ ಕಾಣುತ್ತದೆ. ನೀವು ಪಶ್ಚಿಮದ ಗೋಡೆಗೆ ಅಂಗೈ ಇಟ್ಟು ನೋಡಿ. ಕೋಡಿಬಾಗದ ಕಡೆ ನಾನಿದ್ದ ಒಂದು ಮನೆಯಲ್ಲಿ ನೆಲದಿಂದ ಮೊಣಕಾಲೆತ್ತರಕ್ಕೆ ಬಣ್ಣ ಉಬ್ಬಿತ್ತು. ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಗಿ ಉದುರುತ್ತಿತ್ತು, ಒಳಗೆ ಬಿಳಿ ಉಪ್ಪು. ಜುಲೈನಲ್ಲಿ ಅದೇ ಗೋಡೆಗೆ ಒರಗಿಸಿಟ್ಟ ಅಕ್ಕಿ ಚೀಲದ ಅಡಿ ಮುಗ್ಗಿ ಐದಾರು ಕಿಲೋ ಅಕ್ಕಿ ಕೋಳಿಗೆ ಹಾಕಿದೆವು. ಬಾಡಿಗೆ ಐನೂರು ಕಡಿಮೆ ಎಂದು ಹಿಡಿದ ಮನೆ ಅದು. ಹೊಳೆ, ಸಮುದ್ರದ ಹತ್ತಿರದ ಬಾವಿಯಾದರೆ ಏಪ್ರಿಲ್‌ನಲ್ಲಿ ನೀರು ಉಪ್ಪಾಗುತ್ತದೆಯೇ ಎಂದು ಅಕ್ಕಪಕ್ಕದವರನ್ನು ಕೇಳಿ. ಮನೆಯವರಿಗಿಂತ ಪಕ್ಕದ ಮನೆಯವರು ಸರಿಯಾಗಿ ಹೇಳುತ್ತಾರೆ.

ಕಾರವಾರ: ಪೇಟೆಯೊಳಗೋ, ಹೊಳೆಯಾಚೆಯೋ?

ಕಾಜುಬಾಗ, ಹಬ್ಬುವಾಡ, ನಂದನಗದ್ದಾ ಕಡೆ ಮನೆ ಸಿಕ್ಕರೆ ಆಸ್ಪತ್ರೆ, ಕಚೇರಿ, ಶಾಲೆ ಎಲ್ಲ ಕಾಲ್ನಡಿಗೆ. ಆದರೆ ಬಾಡಿಗೆ ಜಾಸ್ತಿ. ನೌಕಾನೆಲೆಗೆ ಬಂದವರು, ಜಿಲ್ಲಾ ಕಚೇರಿಯ ನೌಕರರು, ಮೆಡಿಕಲ್ ಕಾಲೇಜಿನವರು ಎಲ್ಲರೂ ಹುಡುಕುವುದು ಇವೇ ಓಣಿಗಳಲ್ಲಿ. ಒಳ್ಳೆಯ ಮನೆಗೆ ಬೋರ್ಡು ಬೀಳುವ ಮುಂಚೆಯೇ ಜನ ಗೊತ್ತಾಗಿರುತ್ತದೆ.

ಕಾಳಿ ಹೊಳೆ ದಾಟಿದರೆ ಸದಾಶಿವಗಡ, ಚಿತ್ತಾಕುಲ. ಇತ್ತ ದಕ್ಷಿಣಕ್ಕೆ ಬಿಣಗಾ, ಅಮದಳ್ಳಿ, ತೋಡೂರು. ಒಳಗೆ ಶಿರವಾಡ, ಕಡವಾಡ. ಇಲ್ಲೆಲ್ಲ ಬಾಡಿಗೆ ಇಳಿಯುತ್ತದೆ, ಹಿತ್ತಲು ಸಿಗುತ್ತದೆ, ಎರಡು ತೆಂಗಿನ ಮರವೂ ಇದ್ದೀತು. ಪ್ರಶ್ನೆ ಇರುವುದು ಓಡಾಟದ್ದು.

ಇಲ್ಲಿ ಶಕ್ತಿ ಯೋಜನೆ ಲೆಕ್ಕವನ್ನೇ ಬದಲಾಯಿಸುತ್ತದೆ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಲೆಕ್ಕಕ್ಕೆಂದು ಪೇಟೆಯ ಮನೆ 7,000, ಹೊಳೆಯಾಚೆಯದು 4,500 ಎಂದಿಟ್ಟುಕೊಳ್ಳಿ. ಬಸ್ಸಿಗೆ ಒಂದು ಸಲಕ್ಕೆ 20 ರೂಪಾಯಿ ಎಂದರೆ ಗಂಡಸಿಗೆ ತಿಂಗಳಲ್ಲಿ 26 ದಿನಕ್ಕೆ 1,040 ಹೋಗುತ್ತದೆ. ಉಳಿಯುವುದು 1,460. ಹೆಣ್ಣುಮಗಳಿಗೆ ಆ 2,500 ಪೂರ್ತಿ ಉಳಿಯುತ್ತದೆ. ಬಾಡಿಗೆಗೆ ಸಹಾಯ ಎಂದು ಯಾರೂ ಇದಕ್ಕೆ ಹೆಸರಿಟ್ಟಿಲ್ಲ, ಆದರೆ ಕೆಲಸ ಮಾಡುವುದು ಹಾಗೆಯೇ. ಖಾಸಗಿ ಟೆಂಪೊಗೆ ಇದು ಇಲ್ಲ. ಹಾಗಾಗಿ ಮನೆ ನೋಡುವಾಗ ಸರ್ಕಾರಿ ಬಸ್ಸು ಎಷ್ಟು ಹೊತ್ತಿಗೊಂದು ಬರುತ್ತದೆ, ಕೊನೆಯ ಬಸ್ಸು ಎಷ್ಟಕ್ಕೆ ಎಂದು ಕೇಳಿ. ರಾತ್ರಿ ಒಂಬತ್ತಕ್ಕೆ ಡ್ಯೂಟಿ ಬಿಡುವ ನರ್ಸಿಗೆ ಬಸ್ಸಿಲ್ಲದೆ ವಾರಕ್ಕೆ ಎರಡು ಸಲ ಆಟೊ ಹಿಡಿಯಬೇಕಾದರೆ ಉಳಿಕೆಯ ಅರ್ಧ ಅಲ್ಲೇ ಕರಗುತ್ತದೆ.

ಹೊಳೆಯಾಚೆಗೆ ಇನ್ನೊಂದು ಮಾತು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಕುಸಿಯಿತು. ಮರುದಿನ ಹೊಳೆಯಾಚೆಯ ನಮ್ಮ ಮಕ್ಕಳು ಶಾಲೆಗೆ ಬಂದಿದ್ದೇ ಕಡಿಮೆ. ಒಂದೇ ದಾರಿ ಇರುವ ಕಡೆ ಮನೆ ಮಾಡುವಾಗ ಮಳೆಗಾಲದಲ್ಲಿ ಇಂಥ ಒಂದೆರಡು ದಿನ ಬರಬಹುದು ಎಂಬುದು ಮನಸ್ಸಿನಲ್ಲಿರಲಿ. ಹೆದ್ದಾರಿಗೆಂದು ಗುಡ್ಡ ಕಡಿದ ಜಾಗದ ಬುಡದಲ್ಲಿ ಇರುವ ಮನೆ ಮಾತ್ರ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು. ಕಾಳಿ ದಂಡೆಯ ತಗ್ಗಿನಲ್ಲಿ ಮನೆಯಾದರೆ ಕದ್ರಾ ಅಣೆಕಟ್ಟಿನ ನೀರು ಬಿಟ್ಟಾಗ, 2019ರಲ್ಲಿ ನೀರು ಎಲ್ಲಿಯ ತನಕ ಬಂದಿತ್ತು ಎಂದು ಕೇಳಿ. ಗೋಡೆಯ ಮೇಲೆ ಗುರುತೇ ತೋರಿಸುತ್ತಾರೆ.

ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು: ಹಾಸ್ಟೆಲ್, ಪಿಜಿ, ಮನೆ

ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್‌ಗೆ ಕೇಂದ್ರದ ಸಖಿ ನಿವಾಸ ಯೋಜನೆ ಇದೆ. ಅದರ ನಿಯಮ ನನಗೆ ತುಂಬಾ ಇಷ್ಟ. ಬಾಡಿಗೆ ಸಂಬಳಕ್ಕೆ ತಕ್ಕಂತೆ. ಒಬ್ಬರ ಕೋಣೆಗೆ ಸಂಬಳದ ಶೇ 15 ಮೀರಬಾರದು, ಇಬ್ಬರ ಕೋಣೆಗೆ ಶೇ 10, ಹತ್ತಾರು ಜನ ಇರುವ ದೊಡ್ಡ ಕೋಣೆಗೆ ಶೇ 7.5. 18,000 ಸಂಬಳದವಳಿಗೆ ಇಬ್ಬರ ಕೋಣೆ 1,800ಕ್ಕೆ ಆಯಿತು, ಊಟದ ಖರ್ಚು ಬೇರೆ. ಇಂಥ ಹಾಸ್ಟೆಲ್ ಎಲ್ಲ ಊರಿನಲ್ಲಿ ಇರುವುದಿಲ್ಲ, ಇದ್ದ ಕಡೆ ಸೀಟು ಕಡಿಮೆ. ಕೆಲಸದ ಆದೇಶ ಕೈಗೆ ಬಂದ ದಿನವೇ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಹೋಗಿ ವಿಚಾರಿಸಿ.

ಖಾಸಗಿ ಪಿಜಿ ಆದರೆ ಸಾಮಾನು ಬೇಡ, ಮುಂಗಡ ಕಡಿಮೆ, ಊಟ ಸಿಗುತ್ತದೆ. ಮೊದಲ ಮೂರು ತಿಂಗಳಿಗೆ ಇದು ಒಳ್ಳೆಯದು. ಊರು ಗೊತ್ತಾಗುತ್ತದೆ. ಆಮೇಲೂ ಅಲ್ಲೇ ಉಳಿದರೆ ಗೃಹಜ್ಯೋತಿ ನಿಮಗಿಲ್ಲ, ವಿಳಾಸದ ದಾಖಲೆಯೂ ಆಗುವುದಿಲ್ಲ. ಇಬ್ಬರು ಮೂವರು ಗೆಳತಿಯರು ಸೇರಿ ಮನೆ ಹಿಡಿಯುವುದೇ ಲಾಭ. ಕರಾರಿನಲ್ಲಿ ಎಲ್ಲರ ಹೆಸರೂ ಇರಲಿ. ಒಬ್ಬಳ ಹೆಸರಲ್ಲಿ ಮಾತ್ರ ಇದ್ದು ಅವಳಿಗೆ ಮದುವೆಯೋ ವರ್ಗವೋ ಆದರೆ ಉಳಿದವರು ಬೀದಿಗೆ ಬರಬೇಕಾಗುತ್ತದೆ.

ವಿದ್ಯಾರ್ಥಿಗಳು: ಶಿರಸಿಯ ಲೆಕ್ಕ

ಶಿರಸಿಗೆ ಸಿದ್ದಾಪುರ, ಯಲ್ಲಾಪುರ, ಮುಂಡಗೋಡ ಕಡೆಯಿಂದೆಲ್ಲ ಮಕ್ಕಳು ಬರುತ್ತಾರೆ. ಅವರ ಮುಂದೆ ಮೂರು ದಾರಿ. ಮೊದಲನೆಯದು ಸರ್ಕಾರಿ ಹಾಸ್ಟೆಲ್. ಹಿಂದುಳಿದ ವರ್ಗಗಳ ಇಲಾಖೆಯದು, ಸಮಾಜ ಕಲ್ಯಾಣ ಇಲಾಖೆಯದು ಬೇರೆ ಬೇರೆ ಇವೆ. ಊಟ, ವಸತಿ ಎರಡೂ ಉಚಿತ. ಸಿಕ್ಕರೆ ಹಿಂದೆ ಮುಂದೆ ನೋಡದೆ ಸೇರಿ. ಕೋಣೆ ಸ್ವಲ್ಪ ಇಕ್ಕಟ್ಟು, ಸಂಜೆ ಹೊರಗೆ ಇರಲು ಆಗುವುದಿಲ್ಲ ಎಂಬ ಕಾರಣಕ್ಕೆ ಬಿಡುವ ಮಕ್ಕಳನ್ನು ಕಂಡಾಗ ನನಗೆ ಬೇಜಾರಾಗುತ್ತದೆ. ಅವರ ಅಪ್ಪ ಅಮ್ಮ ಬೇರೆಯವರ ತೋಟದಲ್ಲಿ ಅಡಿಕೆ ಕೊನೆ ಕೊಯ್ದು ಕೋಣೆ ಬಾಡಿಗೆ ಕಳಿಸುತ್ತಿರುತ್ತಾರೆ.

ಎರಡನೆಯದು, ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ. ನಿಜಕ್ಕೂ ಬಾಡಿಗೆ ಸಹಾಯ ಎನ್ನಬಹುದಾದದ್ದು ಇದೊಂದೇ. ಮೆಟ್ರಿಕ್ ನಂತರದ ಓದಿನ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆಂದು ಶುರುವಾದಾಗ ಇಟ್ಟ ಮೊತ್ತ ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ 10 ತಿಂಗಳು. ಒಟ್ಟು 15,000. ದುಡ್ಡು ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಬರುತ್ತದೆ. ಅರ್ಜಿ ಹಾಕುವುದು ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಮೂವರು ಹುಡುಗರು 4,500ರ ಮನೆ ಹಿಡಿದರೆ ತಲೆಗೆ 1,500, ಬಾಡಿಗೆ ಅಲ್ಲಿಗೆ ಸರಿಹೋಯಿತು. ಆದರೆ ದುಡ್ಡು ತಿಂಗಳು ತಿಂಗಳು ಮೊದಲ ತಾರೀಕಿಗೆ ಬರುತ್ತದೆ ಎಂದು ನಂಬಿ ಕೂರಬೇಡಿ. ತಡವಾಗಿ ಒಟ್ಟಿಗೆ ಬರುವುದೇ ಜಾಸ್ತಿ. ನಾಲ್ಕೈದು ತಿಂಗಳ ಬಾಡಿಗೆ ಕೈಯಿಂದ ಹಾಕುವ ತಯಾರಿ ಇರಲಿ. ಹಾಸ್ಟೆಲ್‌ಗೆ ಅರ್ಜಿ ಹಾಕಿ ಸೀಟು ಸಿಗಲಿಲ್ಲ ಎಂಬುದು ಇದಕ್ಕೆ ಆಧಾರ. ಹಾಸ್ಟೆಲ್ ಬೇಡವೆಂದು ಅರ್ಜಿಯನ್ನೇ ಹಾಕದೆ ಇದ್ದವರು ಎರಡನ್ನೂ ಕಳೆದುಕೊಳ್ಳುತ್ತಾರೆ.

ಮೂರನೆಯದು ದಿನಾ ಓಡಾಡುವುದು. ಹುಡುಗಿಯರಿಗೆ ಬಸ್ಸು ಉಚಿತ, ಹುಡುಗರಿಗೆ ರಿಯಾಯಿತಿ ಪಾಸು. ಒಂದು ಗಂಟೆಯ ದಾರಿಯಾದರೆ ಅಡ್ಡಿ ಇಲ್ಲ. ಅದಕ್ಕಿಂತ ಜಾಸ್ತಿಯಾದರೆ, ಘಟ್ಟದ ತಿರುವಿನ ದಾರಿಯಾದರೆ, ಓದು ಹಾಳಾಗುತ್ತದೆ. ವಿಜ್ಞಾನದ ಮಕ್ಕಳಿಗೆ ಸಂಜೆ ಲ್ಯಾಬ್ ಮುಗಿಯುವಾಗ ಹಳ್ಳಿ ಬಸ್ಸು ಹೋಗಿಯೇ ಬಿಟ್ಟಿರುತ್ತದೆ.

ಶಿರಸಿಯಲ್ಲಿ ಸಂಸಾರಕ್ಕೆ ಮನೆ ಹುಡುಕುವವರಿಗೆ ಎರಡು ಮಾತು ಸಾಕು. ಊರಿಗೆ ನೀರು ಬರುವುದು ಕೆಂಗ್ರೆ ಮತ್ತು ಮಾರಿಗದ್ದೆಯಿಂದ, ಬೇಸಿಗೆ ಕೊನೆಗೆ ನಳದ ನೀರು ಕಡಿಮೆಯಾಗುತ್ತದೆ. ಹಿತ್ತಲಲ್ಲಿ ಬಾವಿ ಇರುವ ಹಂಚಿನ ಮನೆ, ನಳ ಮಾತ್ರ ಇರುವ ತಾರಸಿ ಮನೆಗಿಂತ ಒಂದು ಕೈ ಮೇಲು. ಮತ್ತೆ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುವಾಗ ಮನೆ ಹುಡುಕಬೇಡಿ. ಎಲ್ಲರ ಮನೆಯಲ್ಲೂ ನೆಂಟರು ತುಂಬಿರುತ್ತಾರೆ. ಜಾತ್ರೆ ಮುಗಿದ ಮೇಲೆ ಸಮಾಧಾನದಲ್ಲಿ ಮಾತಾಡಲು ಜನ ಸಿಗುತ್ತಾರೆ.

ನೌಕರರಿಗೆ: ಕ್ವಾರ್ಟರ್ಸೋ, ಮನೆ ಬಾಡಿಗೆ ಭತ್ಯೆಯೋ?

ರಾಜ್ಯ ಸರ್ಕಾರಿ ನೌಕರರಿಗೆ ಏಳನೇ ವೇತನ ಆಯೋಗದ ನಂತರ, 2024ರ ಆಗಸ್ಟ್‌ನಿಂದ, ನಮ್ಮಂಥ ಸಣ್ಣ ಊರುಗಳಲ್ಲಿ ಭತ್ಯೆ ಮೂಲ ವೇತನದ ಶೇ 7.5. ಕನಿಷ್ಠ ಮೂಲ ವೇತನ 27,000 ಎಂದರೆ ಕೈಗೆ ಬರುವುದು 2,025. ಅಷ್ಟಕ್ಕೆ ಕಾರವಾರದಲ್ಲಿ ಸಂಸಾರ ಇರುವಂಥ ಮನೆ ಸಿಗುವುದಿಲ್ಲ. ಕ್ವಾರ್ಟರ್ಸ್ ಸಿಕ್ಕರೆ ಭತ್ಯೆ ನಿಲ್ಲುತ್ತದೆ, ಆದರೂ ಕೆಳಗಿನ ಹುದ್ದೆಯವರಿಗೆ ಅದೇ ಲಾಭ. ಮಾಳಿಗೆ ಸೋರುತ್ತದೆಯೇ ಎಂದು ನೋಡಿ ಬೀಗ ತೆಗೆದುಕೊಳ್ಳಿ. ಸಂಬಳ ಜಾಸ್ತಿ ಇದ್ದು ಊರಾಚೆ ಮನೆ ಸಿಗುವವರು ಭತ್ಯೆ ಇಟ್ಟುಕೊಳ್ಳಬಹುದು.

ಭತ್ಯೆ ಇಲ್ಲದ ಖಾಸಗಿ ನೌಕರರಿಗೆ, ಅಂಗಡಿಯವರಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ಬಾಡಿಗೆಗೆ ತಿಂಗಳಿಗೆ 5,000ದ ತನಕ ವಿನಾಯಿತಿ ಇದೆ, 80ಜಿಜಿ ಎಂದು ಕರೆಯುವುದು ಅದನ್ನೇ. ಆದರೆ ಹೊಸ ಪದ್ಧತಿಯಲ್ಲಿ 12 ಲಕ್ಷ ಆದಾಯದವರೆಗೆ ತೆರಿಗೆಯೇ ಬೀಳುವುದಿಲ್ಲ. ಹಾಗಾಗಿ ಹೆಚ್ಚಿನವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಬೋಟಿನವರ ಮನೆ

ಬೈತಖೋಲದ ಸಂಸಾರದ ಕಷ್ಟ ಬೇರೆ ತರಹದ್ದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಮೀನುಗಾರಿಕೆ ಇಲಾಖೆಯ ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಮೀನುಗಾರ 1,500 ಉಳಿಸಿದರೆ ಸರ್ಕಾರಗಳ 3,000 ಸೇರಿ 4,500 ಆಗಿ ಬಿಡುವಿನ ತಿಂಗಳುಗಳಲ್ಲಿ ಸಿಗುತ್ತದೆ. ಮನೆಯಾಕೆಗೆ ಗೃಹಲಕ್ಷ್ಮಿಯ 2,000 ಬರುತ್ತದೆ. ಎರಡನ್ನೂ ಬಾಡಿಗೆಗೆ ಎಂದು ತೆಗೆದಿಟ್ಟರೆ ಮಳೆಗಾಲ ದಾಟಬಹುದು.

ನಾನು ಅವರಿಗೆ ಇನ್ನೊಂದು ಹೇಳಿದೆ. ವರ್ಷದ ಬಾಡಿಗೆಯನ್ನು ಒಟ್ಟು ಮಾತಾಡಿ. 4,000ದಂತೆ ವರ್ಷಕ್ಕೆ 48,000. ಹತ್ತು ತಿಂಗಳು 4,600 ಕೊಟ್ಟರೆ 46,000 ಆಯಿತು, ಜೂನ್, ಜುಲೈಯಲ್ಲಿ ಸಾವಿರ ಸಾವಿರ ಕೊಟ್ಟರೆ ಸಾಕು. ಮನೆಯವರಿಗೆ ಒಂದು ರೂಪಾಯಿ ಕಡಿಮೆಯಾಗಲಿಲ್ಲ. ಮಾಲೀಕರೂ ಮೀನುಗಾರರೇ ಆಗಿದ್ದರಿಂದ ಕೇಳಿದ ಕೂಡಲೇ ಒಪ್ಪಿದರು.

ಭೋಗ್ಯ ಮತ್ತು ಸ್ವಂತ ಮನೆ

ಒಂದಿಷ್ಟು ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರುವ ಭೋಗ್ಯದ ಮನೆ ಕೇಳಲು ಚೆಂದ. ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯೇ ಎಂದು ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ ನೋಡದೆ, ನೋಂದಣಿ ಮಾಡಿಸದೆ, ದುಡ್ಡು ಕೊಡಬೇಡಿ. ಸಾಲ ಮಾಡಿ ಭೋಗ್ಯಕ್ಕೆ ಹಾಕುವುದಂತೂ ಬೇಡವೇ ಬೇಡ.

ಹತ್ತು ವರ್ಷ ಇದೇ ಊರಲ್ಲಿ ಇರುವವರು ಪ್ರಧಾನಮಂತ್ರಿ ಆವಾಸ್ ನಗರ 2.0 ಕಡೆ ಒಮ್ಮೆ ನೋಡಿ. 2024ರ ಸೆಪ್ಟೆಂಬರ್‌ನಿಂದ ಐದು ವರ್ಷದ ಯೋಜನೆ. ದೇಶದಲ್ಲಿ ಎಲ್ಲೂ ಸ್ವಂತ ಪಕ್ಕಾ ಮನೆ ಇರಬಾರದು, ಕುಟುಂಬದ ವರ್ಷದ ಆದಾಯ 9 ಲಕ್ಷದ ಒಳಗಿರಬೇಕು. 25 ಲಕ್ಷದವರೆಗಿನ ಗೃಹಸಾಲಕ್ಕೆ ಬಡ್ಡಿ ಸಹಾಯ ಗರಿಷ್ಠ 1.80 ಲಕ್ಷ, ಐದು ಕಂತಿನಲ್ಲಿ ಬರುತ್ತದೆ. ಆದಾಯ 3 ಲಕ್ಷದ ಒಳಗಿದ್ದು ಸ್ವಂತ ಜಾಗ ಇರುವವರಿಗೆ ಕಟ್ಟಿಕೊಳ್ಳಲು ಬೇರೆ ಸಹಾಯಧನವೇ ಇದೆ. ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟಿಸುವ ಭಾಗವೂ ಇದರಲ್ಲಿ ಸೇರಿದೆ. ನಿಮ್ಮ ಊರಿಗೆ ಮಂಜೂರಾಗಿದೆಯೇ ಎಂದು ನಗರಸಭೆಯಲ್ಲಿ ಕೇಳುತ್ತಿರಿ. ಕೇಳುವವರಿದ್ದರೆ ತಾನೇ ಅವರೂ ಪ್ರಸ್ತಾವ ಕಳಿಸುವುದು.

ಇನ್ನು ಅಕ್ಕನ ಮಗಳ ಕಥೆ. ಅವಳಿಗೆ ಎರಡು ಮನೆ ಕೊನೆಗೆ ಉಳಿದವು. ಕಾಜುಬಾಗದ್ದು ಮಾಲೀಕರ ಮನೆಯ ಹಿಂದಿನ ಭಾಗ, ಒಂದೇ ಮೀಟರ್, ಕಾಗದ ಇಲ್ಲ. ಸದಾಶಿವಗಡದ್ದು ಹಂಚಿನ ಮನೆ, ಬೇರೆ ಮೀಟರ್, ಬಸ್ ಸ್ಟಾಪಿಗೆ ಐದು ನಿಮಿಷ. ಜೊತೆಗೆ ಇರಲು ಅವಳದೇ ವಾರ್ಡಿನ ಇನ್ನೊಬ್ಬಳು ಸಿಕ್ಕಿದಳು. ಅಲ್ಲಿಯ ಯಜಮಾನಿ ಅಜ್ಜಿ ಮೊದಲು ಕಾಗದಕ್ಕೆ ಒಪ್ಪಲಿಲ್ಲ.

"ಮಾಸ್ತರೆ, ನೀವು ಜಾಮೀನು ನಿಲ್ತೀರಿ ಅಂದ್ರೆ ಸಾಕು, ಕಾಗದ ಎಂತಕ್ಕೆ?"

"ಅಮ್ಮಾ, ನಾನು ನಾಳೆ ಇರ್ತೇನೋ ಇಲ್ವೋ, ಕಾಗದ ಇರ್ತದೆ. ನಿಮ್ಮ ಮಗನಿಗೆ ಫೋನ್ ಮಾಡಿ ಕೇಳಿ."

ಮಗ ಆಚೆಯಿಂದ ಒಪ್ಪಿದ. ಇಬ್ಬರು ಹುಡುಗಿಯರ ಹೆಸರಲ್ಲಿ 11 ತಿಂಗಳ ಕರಾರು ಆಯಿತು. ರಾತ್ರಿ ಡ್ಯೂಟಿ ಮುಗಿಯುವ ದಿನಗಳಿಗೆ ಒಬ್ಬ ಪರಿಚಯದ ಆಟೊದವರನ್ನು ಮಾತಾಡಿಸಿ ಇಟ್ಟಿದ್ದೇವೆ. ಗೃಹಜ್ಯೋತಿಗೆ ಅರ್ಜಿ ಹಾಕಿಯಾಗಿದೆ. ಅಜ್ಜಿ ಈಗ ಅದೇ ಕಾಗದದ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಮಳೆಗೆ ಒದ್ದೆಯಾಗದಂತೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ.